ಇಲ್ಲದ ಪಾರ್ಕಿನ ಗೇಟು
ಅರಸೀಕೆರೆಯ ಹೊಸ ಬಡಾವಣೆಯ ನಕ್ಷೆಯಲ್ಲಿ ಪಾರ್ಕು ಇತ್ತು, ನೆಲದ ಮೇಲೆ ಬರೀ ಮುಳ್ಳುಗಿಡ. ರೈಲ್ವೆ ಗೇಟು ಕಾಯ್ದು ನಿವೃತ್ತನಾದ ಸಿದ್ರಾಮಣ್ಣನ ಕಣ್ಣಿಗೆ ಮಾತ್ರ ಆ ಪಾರ್ಕು ಕಾಣುತ್ತಿತ್ತು. ದಿನಾ ಸಂಜೆ ಐದಕ್ಕೆ ಬಂದು, ಇಲ್ಲದ ಗೇಟಿನ ಚಿಲಕ ತೆಗೆದು ಒಳಗೆ ಹೋಗಿ, ದನ ನುಗ್ಗೀತೆಂದು ಮತ್ತೆ ಹಾಕುತ್ತಿದ್ದ. ಇಲ್ಲದ ಹೊಂಗೆಯ ಕೆಳಗೆ ಟವಲು ಹಾಸಿ ಕೂತು, ಬಿಸಿಲು ಮುಖಕ್ಕೇ ಹೊಡೆಯುತ್ತಿದ್ದರೂ "ಏನ್ ತಂಪು!" ಎಂದು ಕಣ್ಣು ಮುಚ್ಚುತ್ತಿದ್ದ. ಅಡ್ಡ ಹಾಯುವವರಿಗೆ ಒಂದೇ ಮಾತು: "ಹೂವಿನ ಪಾತಿ ಐತೆ ಕಣ್ರೀ, ಸುತ್ಕೊಂಡ್ ಹೋಗಿ." ಎದುರುಮನೆಯ ಭಾಗಮ್ಮ ಸೊಪ್ಪು ಬಿಡಿಸುತ್ತಾ, "ಅಣ್ಣಾ, ಮಲ್ಲಿಗೆ ಬಿಟ್ಟೈತಾ?" ಎಂದು ಕೆಣಕುವಳು. "ಮೊಗ್ಗಾಗೈತೆ ಕಣಮ್ಮ," ಎನ್ನುವನು ಅವನು, ನಗದೆ. ಜನ ನಗುನಗುತ್ತಲೇ ಸುತ್ತಿಕೊಂಡು ಹೋಗಿ ಹೋಗಿ, ಆ ಪಾತಿಯ ಅಂಚಿಗೆ ಕಾಲುದಾರಿಯೇ ಬಿದ್ದಿತ್ತು. ಅವನು ಜ್ವರ ಬಂದು ಮಲಗಿದ ವಾರ ಯಾರೋ ಟ್ರ್ಯಾಕ್ಟರಿನಲ್ಲಿ ಕಲ್ಲು ತಂದಿಳಿಸಿ, "ಖಾಲಿ ಜಾಗ, ನಾಲ್ಕು ಸೈಟಾಗುತ್ತೆ," ಎಂದು ಟೇಪು ಹಿಡಿದರು. ಭಾಗಮ್ಮ ಸೊಪ್ಪಿನ ಮೊರ ಕೆಳಗಿಟ್ಟು, ಅಕ್ಕಪಕ್ಕದವರನ್ನೆಲ್ಲ ಕೂಗಿ ಕರೆದು, ಬೀದಿ ದಾಟಿದಳು. ಅವಳ ಕೈ ತಾನಾಗಿ ಚಿಲಕ ತೆಗೆಯಿತು, ಒಳಗೆ ಬಂದ ಮೇಲೆ ಮತ್ತೆ ಹಾಕಿತು. "ಖಾಲಿ ಎಲ್ಲೈತೆ? ಪಾತಿ ಮ್ಯಾಲೆ ನಿಂತಿದೀರಲ್ಲ, ಇಳೀರಿ ಮೊದ್ಲು."