ಖಾಲಿ ಜಾಗದ ವೈರಿ

ಆ ಊರಿನ ಯಾವ ಮನೆಗೆ ಹೋದರೂ, ಗೋಡೆಯ ಮೇಲಿನ ಪದವಿ ಪ್ರದಾನದ ಫೋಟೋದಲ್ಲಿ ಮನೆಯವರಿಗೇ ಗುರುತಿಲ್ಲದ ಒಬ್ಬ ಮಹಾನುಭಾವ ನಿಂತಿರುತ್ತಾನೆ. ಕೆಲವು ಮನೆಗಳಲ್ಲಿ ಅವನು ಕಾಲೇಜಿನ ವಾಚ್‌ಮನ್, ಕೆಲವು ಕಡೆ ನೀರಿನ ಕ್ಯಾನ್ ಹೊತ್ತು ತಂದವನು. ಒಂದು ಮನೆಯಲ್ಲಂತೂ ಅವನನ್ನು ಹುಡುಗನ ದೂರದ ಸೋದರಮಾವನೆಂದೇ ನಂಬಿ, ಮದುವೆಗೆ ಕರೆಯಲು ವಿಳಾಸ ಹುಡುಕಿದ್ದರಂತೆ. ಇದೆಲ್ಲ ನಮ್ಮ ಫೋಟೋಗ್ರಾಫರನ ಪ್ರತಾಪ. ರಾಜರು ಶತ್ರುಗಳ ಮೇಲೆ ದಂಡೆತ್ತಿ ಹೋದ ಹಾಗೆ ಈತ ಖಾಲಿ ಜಾಗದ ಮೇಲೆ ದಂಡೆತ್ತಿ ಹೋಗುತ್ತಿದ್ದ. ಚೌಕಟ್ಟಿನಲ್ಲಿ ಒಂದು ಗೇಣು ಬರಿದಾಗಿ ಕಂಡರೆ ಸಾಕು, "ಅಣ್ಣಾ, ನೀವೇ, ಆ ಎಡಗಡೆಗೆ ಬನ್ನಿ" ಎಂದು ದಾರಿಹೋಕರನ್ನೂ ಎಳೆದು ನೆಂಟರನ್ನಾಗಿ ಮಾಡಿಬಿಡುತ್ತಿದ್ದ.

ಹಾಗಂತ ಕೆಲಸದಲ್ಲಿ ಕಡಿಮೆಯವನೇನಲ್ಲ. ಟೋಪಿಯ ನೆರಳು ಕಣ್ಣಿನ ಮೇಲೆ ಬೀಳದಂತೆ ಎಷ್ಟು ಹಿಂದಕ್ಕೆ ಸರಿಸಬೇಕು, ಪದವಿ ಪತ್ರ ಕೈಯಿಂದ ಕೈಗೆ ದಾಟುವಾಗ ಯಾವ ಗಳಿಗೆಗೆ ಒತ್ತಬೇಕು, ಎಲ್ಲ ಬೆರಳ ತುದಿಯಲ್ಲಿತ್ತು.

ಸ್ಟುಡಿಯೋದ ಹಿಂದಿನ ಕೋಣೆಯಲ್ಲೇ ಅವನ ವಾಸ. ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ. ಊಟದ ಮೇಜಿಗೆ ಎರಡು ಕುರ್ಚಿ. ಎದುರಿನದರ ಮೇಲೆ ಟ್ರೈಪಾಡ್, ಛತ್ರಿ, ಮಡಿಸದ ಬಟ್ಟೆ ಎಲ್ಲ ಹೇರಿಟ್ಟಿದ್ದ.

"ಆ ಕುರ್ಚಿ ತೆರವು ಮಾಡು, ನಾನಾದ್ರೂ ಬಂದು ಕೂತ್ಕೋತೀನಿ" ಎಂದು ಪಕ್ಕದಂಗಡಿಯ ದರ್ಜಿ ರೇಗಿಸಿದರೆ, "ನೀನು ಕೂತ್ರೆ ಏಳಲ್ಲ ಮಾರಾಯ" ಎನ್ನುತ್ತಿದ್ದ. ದರ್ಜಿ ಅಂಗಡಿ ಮುಚ್ಚಿ ಮನೆಗೆ ಹೋದ ಮೇಲೆ ರೇಡಿಯೋ ಹಾಕಿಕೊಂಡು, ವಾರ್ತೆ ಓದುವವಳಿಗೆ ಹೂಂಗುಟ್ಟುತ್ತಾ ಊಟ ಮುಗಿಸುತ್ತಿದ್ದ.

ಆ ವರ್ಷದ ಪದವಿ ಪ್ರದಾನ ಮುಗಿದು ಸಭಾಂಗಣ ಬರಿದಾದ ಮೇಲೆ ಒಬ್ಬ ಹೆಂಗಸು ಬಂದು ಎದುರಿಗೆ ನಿಂತಳು. ಐವತ್ತು ದಾಟಿದ ವಯಸ್ಸು, ಮೈಮೇಲೆ ಬಾಡಿಗೆಯ ಕಪ್ಪು ಗೌನು. ಗೌನುಗಳನ್ನು ಬಾಡಿಗೆಗೆ ಕೊಟ್ಟಿದ್ದ ಅದೇ ದರ್ಜಿ, ವಾಪಸ್ ಪಡೆಯಲು ಚೀಲ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದ.

"ನಂದೊಂದು ಫೋಟೋ ಬೇಕು."

"ಮನೆಯವರೆಲ್ಲಿ ಅಮ್ಮಾ?"

"ಬಂದಿಲ್ಲ. ಈ ವಯಸ್ಸಲ್ಲಿ ಯಾರಿಗೆ ತೋರಿಸೋಕೆ ಅಂದ್ರು."

ನಮ್ಮ ವೀರ ಕೂಡಲೇ ಸೈನ್ಯ ಕಟ್ಟಲು ಹೊರಟ. "ವಾಚ್‌ಮನ್ ಅಣ್ಣಾ, ಬಾ, ಅಕ್ಕನ ಬಲಗಡೆ ನಿಂತ್ಕೋ. ಕಸ ಗುಡಿಸೋ ತಾಯಿ, ಪೊರಕೆ ಬಿಟ್ಟು ಎಡಕ್ಕೆ..."

"ಯಾರೂ ಬೇಡ" ಎಂದಳು ಆಕೆ. "ಎಲ್ಲ ಮಲಗಿದ ಮೇಲೆ ಅಡುಗೆಮನೇಲಿ ಒಬ್ಬಳೇ ಕೂತು ಓದಿದ್ದು. ಫೋಟೋದಲ್ಲೂ ಒಬ್ಬಳೇ ಇರ್ತೀನಿ. ಆಗಲ್ಲ ಅಂದ್ರೆ ಹೇಳಿ, ಗೌನು ಬಿಚ್ಚಿಕೊಟ್ಟು ಹೋಗ್ತೀನಿ."

"ಸಂತೆ ಇಲ್ದೆ ಫೋಟೋ ತೆಗಿಯೋಕೆ ಬರಲ್ಲ ಅಮ್ಮಾ ಅವನಿಗೆ!" ದರ್ಜಿ ಬಾಗಿಲಿಂದಲೇ ಕೂಗಿದ.

ಅದೇ ನಿಜವಾಗಿತ್ತು. ಕ್ಯಾಮೆರಾಕ್ಕೆ ಕಣ್ಣಿಟ್ಟರೆ ಎಡಕ್ಕೂ ಬರಿದು, ಬಲಕ್ಕೂ ಬರಿದು. ತೀರಾ ಹತ್ತಿರ ಹೋದ. ಆಕೆಯ ಮುಖ ಪಾಸ್‌ಪೋರ್ಟ್ ಫೋಟೋದಂತೆ ಬಿಗಿದುಕೊಂಡಿತು. ತೆಗೆದದ್ದನ್ನು ಅಳಿಸಿದ. ಹೂಕುಂಡವೊಂದನ್ನು ಎಳೆದು ತಂದ. ಆಕೆ ಅದನ್ನು ನೋಡಿದ ನೋಟಕ್ಕೆ ಹೆದರಿ ವಾಪಸ್ ಇಟ್ಟುಬಂದ. ಇಷ್ಟು ವರ್ಷ ಯಾರ್ಯಾರನ್ನೋ ತುಂಬಿ ತುಂಬಿ ಫೋಟೋ ತೆಗೆದವನಿಗೆ, ಒಬ್ಬರೇ ಇರುವವರನ್ನು ಎಲ್ಲಿ ನಿಂತು ನೋಡಬೇಕೆಂದೇ ತಿಳಿಯದು. ಆಕೆ ಗೌನಿನ ಗುಂಡಿಗೆ ಕೈ ಹಾಕಿದಳು.

"ತಡೀರಿ ಅಮ್ಮಾ, ಹೋಗ್ಬೇಡಿ."

ಹಿಂದೆ ಹಿಂದೆ ನಡೆದ. ಕುರ್ಚಿಗಳ ಸಾಲುಗಳನ್ನು ದಾಟಿ, ದರ್ಜಿಯ ಕಾಲು ತುಳಿದು, ಬಾಗಿಲಿಗೆ ಬೆನ್ನು ತಗಲುವವರೆಗೂ. ಫ್ಲ್ಯಾಶ್ ಆರಿಸಿದ. ಪಕ್ಕದ ಕಿಟಕಿಯ ಬಿಸಿಲು ಆಕೆಯ ಕೆನ್ನೆಯ ಮೇಲಿತ್ತು. ಸುತ್ತ ಸಾಲು ಸಾಲು ಕುರ್ಚಿ, ಒಂದರಲ್ಲೂ ಯಾರಿಲ್ಲ. ಆದರೂ ಅವನು ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. ಅವನು ಅಷ್ಟು ದೂರ ಹೋದನೆಂದು ಆಕೆ ನಿರಾಳವಾಗಿ ಉಸಿರುಬಿಟ್ಟು, ಯಾರೂ ಹೇಳದೆಯೇ ಗದ್ದ ಕೊಂಚ ಇಳಿಸಿದಳು. ಒತ್ತಿದ.

ಮುಂದಿನ ವಾರ ಆಕೆ ಬಂದು ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. "ಹೌದು, ಇದು ನಾನೇ" ಎಂದಷ್ಟೇ ಹೇಳಿ ಹೋದಳು. ಇನ್ನೊಂದು ಪ್ರತಿ ಅವನ ಮೇಜಿನ ಮೇಲಿತ್ತು. ಚಹಾ ತಂದ ದರ್ಜಿ ಅದನ್ನೆತ್ತಿ ಬೆಳಕಿಗೆ ಹಿಡಿದ.

"ಅಲ್ಲಯ್ಯಾ, ಇದು ಫೋಟೋನಾ, ಮಹಾಕಾವ್ಯಾನಾ? ಅಷ್ಟೊಂದು ಕುರ್ಚಿ, ಒಬ್ಬಳೇ ಹೆಂಗಸು! ಆ ಖಾಲೀಲಿ ಏನೋ ಭಾರಿ ಅರ್ಥ ಇಟ್ಟಿದ್ದೀಯ. ಏನದು, ನಂಗೂ ಸ್ವಲ್ಪ ಹೇಳು."

ಫೋಟೋಗ್ರಾಫರ್ ಚಹಾ ಒಂದು ಗುಟುಕು ಕುಡಿದ.

"ಅರ್ಥ ಗಿರ್ಥ ಏನಿಲ್ಲ ಮಾರಾಯ. ಆಯಮ್ಮ ಯಾರೂ ಬೇಡ ಅಂದ್ರು. ಯಾರೂ ಇರ್ಲಿಲ್ಲ."