ಅತ್ತೆಯ ತೂಕದ ವಿಮಾನ

ಚಿಕ್ಕಜಾಲದ ನಮ್ಮ ಮನೆಗೆ ಟ್ರ್ಯಾಕ್ಟರ್ ಬರಲಿ, ಕಾರು ಬರಲಿ, ಮೊದಲ ಸವಾರಿ ಅತ್ತೆ ಮುನಿಕೆಂಪಮ್ಮನವರದೇ. ಈಗ ಮೈದುನ ನಾಗಭೂಷಣ ಜಕ್ಕೂರಿನಲ್ಲಿ ವಿಮಾನ ಹಾರಿಸಲು ಕಲಿಯುತ್ತಿದ್ದಾನೆ. ಲೈಸೆನ್ಸ್ ಇನ್ನೂ ಬಂದಿಲ್ಲ, ಆಗಲೇ ಎರಡು ಸೀಟಿನ ಸ್ವಂತ ವಿಮಾನ ಬೇಕಂತೆ. ತಿಂಗಳಿಡೀ ವಿಮಾನಗಳ ಪಟಗಳನ್ನು ನೋಡಿ ಮಹಾಶಯ ಒಂದನ್ನು ಆರಿಸಿ ಗೋಡೆಗೆ ಅಂಟಿಸಿದ. ಕಾರಣ, ಅದರ ಕೆಂಪು ಬಣ್ಣ.

ಮಗಳಿಗೆ ರಾಗಿ ಸರಿ ತಿನ್ನಿಸುತ್ತಾ ಕೇಳಿದೆ, "ಎಷ್ಟು ತೂಕ ಎತ್ತುತ್ತೆ ಭೂಷಣ?"

ಪೈಲಟ್ ಸಾಹೇಬರು ಆಗಷ್ಟೇ ಅದರ ವಿವರ ಓದಿದರು. ಪೆಟ್ರೋಲ್ ತುಂಬಿಸಿದರೆ ಇಬ್ಬರೂ ಸೇರಿ ನೂರೈವತ್ತು ಕಿಲೋ ಮೀರುವಂತಿಲ್ಲ. ಅವನೊಬ್ಬನೇ ತೊಂಬತ್ತೆಂಟು, ಅತ್ತೆ ಎಂಬತ್ತು.

"ಅಮ್ಮಾ, ಈ ಸಲ ನೀನು ಕೆಳಗೇ ನಿಂತ್ಕೊಂಡು ಟಾಟಾ ಮಾಡು."

"ಪೆಟ್ರೋಲ್ ಬೇಕಾದ್ರೆ ಇಳ್ಸೋ, ನಾನಂತೂ ಇಳಿಯಾಕಿಲ್ಲ," ಎಂದರು ಅತ್ತೆ. ನನ್ನ ಸೀಮಂತಕ್ಕೆ ಉಟ್ಟಿದ್ದ ರೇಷ್ಮೆ ಸೀರೆಯನ್ನು ಈ ಸವಾರಿಗೆಂದು ಆಗಲೇ ಇಸ್ತ್ರಿಗೆ ಕೊಟ್ಟಿದ್ದರು.

ಮರುದಿನ ಕೆಂಪು ವಿಮಾನದ ಪಟ ಗೋಡೆಯಿಂದ ಇಳಿಯಿತು. ಅಲ್ಲಿಗೆ ಬೂದು ಬಣ್ಣದ್ದು ಬಂತು. ನಿಧಾನ, ಆದರೆ ಇಬ್ಬರನ್ನೂ ಹೊರುತ್ತದೆ.

"ಇದೇ ಸೇಫು ಅತ್ತಿಗೆ, ನಾನೇ ಯೋಚ್ನೆ ಮಾಡಿ ಆರಿಸ್ದೆ," ಎಂದ.

ನಾನು ಹೌದೆಂದು ತಲೆಯಾಡಿಸಿ, ಅವನ ತಟ್ಟೆಗೆ ಎರಡರ ಬದಲು ಒಂದೇ ಮುದ್ದೆ ಹಾಕಿದೆ.