ಎಳೆ ಕೂಡಿಸುವ ಕೈಯನ್ನು ಹುಡುಕಿಕೊಂಡು

ದಾಬಸ್‌ಪೇಟೆಯ ಒಂದು ಕಾರ್ಖಾನೆಗೆ ಕೆಲಸಗಾರರನ್ನು ಹುಡುಕಿ ತರುವುದು ನನ್ನ ಕೆಲಸವಾಗಿತ್ತು. ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿಯಿಂದ ಅಲ್ಲಿ ಸಣ್ಣ ಸಣ್ಣ ಸುರುಳಿಗಳನ್ನು ಮಾಡುತ್ತಿದ್ದರು. ಹೊಸದಾಗಿ ಒಂದು ವಿಭಾಗ ತೆರೆದಾಗ ಅದಕ್ಕೆ ಮೂವತ್ತು ಹೆಂಗಸರು ಬೇಕಾದರು. ದೊಡ್ಡಬಳ್ಳಾಪುರದ ಸುತ್ತಮುತ್ತಲ ಮಹಿಳಾ ಸಂಘಗಳಿಂದ ಫೋನ್ ನಂಬರುಗಳನ್ನು ತಂದು ಎಲ್ಲರಿಗೂ ಒಂದೇ ವಾಟ್ಸಾಪ್ ಸಂದೇಶ ಕಳಿಸಿದೆ. ಒಬ್ಬರು 'ಯಾರು ನೀವು' ಎಂದು ಕೇಳಿದರು. ಇನ್ನೊಬ್ಬರು ಗುಲಾಬಿ ಚಿತ್ರದ ಶುಭೋದಯ ಕಳಿಸಿದರು. ಮಿಕ್ಕವರು ನೋಡಿ ಸುಮ್ಮನಾದರು.

ಆಮೇಲೆ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ರಾಜಘಟ್ಟದ ಆಚೆಯ ಹಳ್ಳಿಯ ಒಬ್ಬಳಂತೂ ನಾನು ಎರಡು ಮಾತಾಡುವಷ್ಟರಲ್ಲಿ ಕಟ್ ಮಾಡಿದಳು. ಮತ್ತೆರಡು ಸಲ ಮಾಡಿದಾಗ ನನ್ನ ದನಿ ಕೇಳಿಯೇ ಇಟ್ಟುಬಿಟ್ಟಳು. ಈ ಜನಕ್ಕೆ ಕೆಲಸ ಬೇಕಿಲ್ಲ ಅಂತ ತೀರ್ಮಾನಿಸಿ, ಕೊನೆಯ ಪ್ರಯತ್ನವೆಂದು ಕರಪತ್ರಗಳ ಕಟ್ಟು ಹಿಡಿದು ನಾನೇ ಆ ಹಳ್ಳಿಗೆ ಹೋದೆ.

ಹಾಲಿನ ಡೇರಿಯ ಮುಂದೆ ಜನ ಸೇರುತ್ತಾರೆಂದು ಅಲ್ಲಿಗೇ ಹೋದೆ. ಡೇರಿಯಲ್ಲಿ ಹಾಲು ಪರೀಕ್ಷೆ ಮಾಡಿ ಅಳೆದುಕೊಳ್ಳುವವರು ಐವತ್ತು ದಾಟಿದ ಹೆಂಗಸು. ಕರಪತ್ರವನ್ನು ಹಿಂದೆ ಮುಂದೆ ತಿರುಗಿಸಿ ಓದಿದರು.

"ಇದ್ರಲ್ಲಿ ಕಾರ್ಖಾನೆ ಬಸ್ಸು ಎಲ್ಲಿ ನಿಲ್ತದೆ ಅಂತಾನೇ ಇಲ್ವಲ್ಲಮ್ಮ? ಸಾಯಂಕಾಲ ಎಷ್ಟೊತ್ತಿಗೆ ವಾಪಸ್ ಬಿಡ್ತದೆ?"

ನನಗೂ ಸರಿಯಾಗಿ ಗೊತ್ತಿರಲಿಲ್ಲ.

"ಮೊದ್ಲು ತಿಳ್ಕೊಂಡು ನಾಳೆ ಬೆಳಿಗ್ಗೆ ಆರಕ್ಕೆ ಬಾ. ಈ ಪೇಪರ್ ತರಬೇಡ. ಬಂದು ಸುಮ್ನೆ ಕೂತ್ಕೊ."

ಬಸ್ಸಿನ ವಿಷಯ ವಿಚಾರಿಸಿಕೊಂಡು ಮರುದಿನ ಡೇರಿಯ ಜಗಲಿಯ ಮೇಲೆ ಕೂತೆ. ಹೆಂಗಸರು ಕ್ಯಾನು ಹಿಡಿದು ಸಾಲಾಗಿ ಬಂದರು. ಒಬ್ಬೊಬ್ಬರಿಗೆ ಅರ್ಧ ನಿಮಿಷ ಸಿಗುತ್ತಿತ್ತು, ಅಷ್ಟೆ. ಆ ಅರ್ಧ ನಿಮಿಷದಲ್ಲಿ ಡೇರಿಯ ಆಕೆ ಅವರನ್ನು ಮಾತಾಡಿಸಿದ್ದನ್ನು ನಾನು ಇನ್ನೂ ಮರೆತಿಲ್ಲ. ಒಬ್ಬಳ ಹತ್ತಿರ ಮಗು ಅಂಗನವಾಡಿಯಲ್ಲಿ ಅಳುವುದು ನಿಲ್ಲಿಸಿತೇ ಎಂದು ಕೇಳಿದರು. ಹೊಸ ಸೊಸೆಯೊಬ್ಬಳಿಗೆ ಏನೂ ಹೇಳದೆ, ಹಿಂದೆಯೇ ಬಂದ ಅವಳ ಅತ್ತೆಗೆ, "ನಿನ್ ಸೊಸೆ ಮನೇಲಿ ಕೂತು ಬೇಜಾರಾಗವ್ಳೆ ಕಣಕ್ಕ, ನಮ್ ಡೇರಿ ಮುಂದೇನೇ ಬಸ್ ಬಂದ್ರೆ ಕಳಿಸ್ತೀಯಾ?" ಅಂದರು. ಅತ್ತೆ, "ಮುಂದೇನೇ ಬಂದ್ರೆ ನೋಡಾಣ" ಅಂದಳು. ಕಾರ್ಖಾನೆ ಎಂಬ ಮಾತು ಆಮೇಲೆ ಬಂತು, ಅದೂ ಕೇಳಿದವರಿಗೆ ಮಾತ್ರ. ಹಾಲು ಮುಗಿಯುವಷ್ಟರಲ್ಲಿ ಐದು ಮಂದಿ ತಾವಾಗಿಯೇ ನನ್ನ ಹತ್ತಿರ ಬಂದಿದ್ದರು. ಒಂದು ತಿಂಗಳು ಫೋನ್ ಹಿಡಿದು ಕೂತರೂ ನನಗೆ ಒಬ್ಬರೂ ಸಿಕ್ಕಿರಲಿಲ್ಲ.

ನನ್ನ ದನಿ ಕೇಳಿಯೇ ಫೋನ್ ಇಟ್ಟವಳ ಹೆಸರು ಹೇಳಿ, ಆದದ್ದನ್ನು ಆಕೆಗೆ ತಿಳಿಸಿದೆ.

"ಅವ್ಳನ್ನ ಮೊದ್ಲು ಏನ್ ಕೇಳ್ದೆ?"

"ಎಷ್ಟು ಓದಿದ್ದೀರಿ ಅಂತ."

"ಏಳ್ನೇ ಕ್ಲಾಸಿಗೇ ಸ್ಕೂಲ್ ಬಿಡಿಸಿದ್ರು ಅವ್ಳನ್ನ. ಈ ವಯಸ್ಸಲ್ಲಿ ಅದನ್ನ ಬಾಯ್ಬಿಟ್ಟು ಹೇಳಬೇಕಾ? ಬಾ, ಅವ್ಳ ಕೈ ತೋರಿಸ್ತೀನಿ."

ಡೇರಿಗೆ ಬೀಗ ಹಾಕಿ ನನ್ನನ್ನು ಊರ ಕೊನೆಯ ಮಗ್ಗದ ಮನೆಗೆ ಕರೆದುಕೊಂಡು ಹೋದರು. ಅಲ್ಲಿ ನಲವತ್ತೆರಡು, ನಲವತ್ತಮೂರರ ಹೆಂಗಸೊಬ್ಬಳು ಮಗ್ಗದ ಹಿಂದೆ ಮಣೆ ಹಾಕಿಕೊಂಡು ಕೂತಿದ್ದಳು. ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ಎಳೆಗಳ ಹಾಸು ಮುಗಿದಿತ್ತು; ಅದರ ಒಂದೊಂದು ರೇಷ್ಮೆ ಎಳೆಗೂ ಹೊಸ ಹಾಸಿನ ಎಳೆಯನ್ನು ಬೆರಳಲ್ಲಿ ಹೊಸೆದು ಕೂಡಿಸುತ್ತಿದ್ದಳು. ಒಂದೊಂದು ಹಾಸಿನಲ್ಲೂ ಅಂಥ ಸಾವಿರಾರು ಎಳೆ. ಪಕ್ಕದಲ್ಲಿ ನಿಂತಿದ್ದ ನನಗೆ ಎಳೆ ಕಾಣುತ್ತಲೇ ಇರಲಿಲ್ಲ, ಅವಳ ಹೆಬ್ಬೆರಳು ಅಲುಗುವುದಷ್ಟೇ ಕಾಣುತ್ತಿತ್ತು. ಇಂಥವಳನ್ನು ನಾನು ಎಷ್ಟು ಓದಿದ್ದೀರಿ ಎಂದು ಕೇಳಿದ್ದೆ!

"ಅಕ್ಕ, ಫೋನ್ ಮಾಡಿದ್ದು ನಾನೇ," ಅಂದೆ. "ತಪ್ಪಾಯ್ತು. ನೀವು ಮಾಡೋ ಈ ಕೆಲಸಾನೇ ನಮಗೆ ಬೇಕಿರೋದು."

ಅವಳು ತಲೆಯೆತ್ತಲಿಲ್ಲ. "ಸುತ್ತ ಮಗ್ಗಗಳೆಲ್ಲ ನಿಲ್ತಾ ಅವೆ. ವಾರಕ್ಕೆ ಒಂದ್ಸಲ ಕರೆದ್ರೆ ಹೆಚ್ಚು," ಅಂದಳು. ಇನ್ನಷ್ಟು ಎಳೆ ಕೂಡಿಸಿದ ಮೇಲೆ, "ಬಂದು ನೋಡ್ತೀನಿ. ಆಗಲ್ಲ ಅಂದ್ರೆ ಮನೆತನಕ ತಂದು ಬಿಡಬೇಕು," ಅಂದಳು.

ಕಾರ್ಖಾನೆಯಲ್ಲಿ ಕೆಲಸಕ್ಕೆ ಎಸ್ಸೆಸ್ಸೆಲ್ಸಿ ಆಗಿರಲೇಬೇಕೆಂಬ ನಿಯಮವಿತ್ತು. ನಿವೃತ್ತಿಗೆ ಹತ್ತಿರವಿದ್ದ ನಮ್ಮ ವಿಭಾಗದ ಮುಖ್ಯಸ್ಥರು ಅದನ್ನೇ ಹೇಳಿದರೂ, ನನ್ನ ಒತ್ತಾಯಕ್ಕೆ ಒಂದು ಪರೀಕ್ಷೆಗೆ ಒಪ್ಪಿದರು. ತಂತಿಯ ತುದಿಯನ್ನು ಸೂಜಿಮೊನೆಯಷ್ಟು ಸಣ್ಣ ಕಡ್ಡಿಗೆ ಸುತ್ತಿ ನಿಲ್ಲಿಸಬೇಕು. ಹೊಸಬರಿಗೆ ಭೂತಗನ್ನಡಿ ಇಟ್ಟುಕೊಂಡು ಇದನ್ನು ಕಲಿಯಲು ದಿನಗಟ್ಟಲೆ ಬೇಕಾಗುತ್ತಿತ್ತು.

ಪರೀಕ್ಷೆಗೆಂದು ಕಾರ್ಖಾನೆಗೆ ಬಂದ ಅವಳು ಸೆರಗಿಗೆ ಬೆರಳು ಒರೆಸಿಕೊಂಡಳು. ಮೊದಲ ತಂತಿ ತುಂಡಾಯಿತು.

"ರೇಷ್ಮೆಗಿಂತ ಗಡಸು ಇದು," ಎಂದು ತನಗೆ ತಾನೇ ಹೇಳಿಕೊಂಡಳು.

ಎರಡನೆಯದು ನಿಂತಿತು. ಮೂರನೆಯದನ್ನು ಸುತ್ತುವಾಗ ಅವಳು ಕೈಯ ಕಡೆ ನೋಡುತ್ತಲೇ ಇರಲಿಲ್ಲ. ಕಿಟಕಿಯಾಚೆ ಹೆದ್ದಾರಿಯಲ್ಲಿ ಹೋಗುವ ಲಾರಿಗಳನ್ನು ನೋಡುತ್ತಿದ್ದಳು. ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇನ್ನೊಂದ್ಸಲ ಮಾಡಮ್ಮ," ಅಂದರು. ಅದು ಪರೀಕ್ಷೆಗಾಗಿ ಅಲ್ಲ, ಅವರಿಗೆ ಮತ್ತೆ ನೋಡಬೇಕಿತ್ತು.

ನಿಯಮ ಸಡಿಲಿಸಲು ಅವರು ಮೇಲಿನ ಆಫೀಸಿಗೆ ಬರೆದರು. ಉತ್ತರ ಬರಲು ಮೂರು ವಾರ ಹಿಡಿಯಿತು. ಮೊದಲಾಗಿದ್ದರೆ ಉತ್ತರ ಬರುವತನಕ ನಾನು ಸುಮ್ಮನಿರುತ್ತಿದ್ದೆ. ಈಗ ಡೇರಿಯ ಆಕೆ, "ಏನೂ ಆಗಿಲ್ಲ ಅನ್ನೋದನ್ನೂ ಹೇಳ್ತಿರಬೇಕು ಕಣಮ್ಮ, ಇಲ್ದಿದ್ರೆ ಮರೆತ್ಬಿಟ್ರು ಅಂದ್ಕೊತಾರೆ" ಎಂದಿದ್ದರು. ಎರಡು ದಿನಕ್ಕೊಮ್ಮೆ ಎಳೆ ಕೂಡಿಸುವವಳಿಗೆ ಫೋನ್ ಮಾಡಿ, "ಇನ್ನೂ ಬಂದಿಲ್ಲ ಅಕ್ಕ" ಎಂದು ಹೇಳುತ್ತಿದ್ದೆ. ಅವಳು "ಹೂಂ" ಅನ್ನುತ್ತಿದ್ದಳು. ಆದರೆ ಫೋನ್ ಇಡುತ್ತಿರಲಿಲ್ಲ.

ಒಪ್ಪಿಗೆ ಬಂತು. ಕಾರ್ಖಾನೆಯ ಬಸ್ಸು ಡೇರಿಯ ಮುಂದೆ ನಿಲ್ಲತೊಡಗಿತು. ಅವಳ ಹಿಂದೆಯೇ ಆ ಸೊಸೆ, ಅಂಗನವಾಡಿ ಮಗುವಿನ ತಾಯಿ, ಅಕ್ಕಪಕ್ಕದ ಹಳ್ಳಿಗಳಲ್ಲಿ ಎಳೆ ಕೂಡಿಸುತ್ತಿದ್ದವರು ಎಲ್ಲ ಬಂದರು. ಮಳೆಗಾಲ ಮುಗಿಯುವಷ್ಟರಲ್ಲಿ ಮೂವತ್ತು ಕುರ್ಚಿಗಳೂ ತುಂಬಿದವು.

ಈಗ ಹೊಸಬರಿಗೆ ಕಲಿಸುವವಳು ಅವಳೇ. ಮೊನ್ನೆ ಆ ವಿಭಾಗಕ್ಕೆ ಹೋದಾಗ ಡಿಪ್ಲೊಮಾ ಮುಗಿಸಿ ಬಂದ ಹುಡುಗಿಯೊಬ್ಬಳು, "ಆಂಟಿ, ಎಷ್ಟು ಬಿಗಿ ಹಿಡೀಬೇಕು?" ಎಂದು ಕೇಳುತ್ತಿದ್ದಳು. ಅದನ್ನು ಮಾತಲ್ಲಿ ಹೇಳುವುದು ಹೇಗೆ? ಅವಳು, "ಕೈ ಕೊಡಿಲ್ಲಿ" ಎಂದು ಹುಡುಗಿಯ ಬೆರಳನ್ನು ತನ್ನ ಬೆರಳೊಳಗೆ ಇಟ್ಟುಕೊಂಡು ತಂತಿ ಸುತ್ತಿದಳು. ಯಾವ ಕೆಲಸಕ್ಕೆ ಬಂದಿದ್ದೆ ಎಂಬುದನ್ನೇ ಮರೆತು ನಾನು ಬಾಗಿಲಲ್ಲಿ ನಿಂತುಬಿಟ್ಟಿದ್ದೆ.